ಶಾಸನದಲ್ಲಿ ಕ್ಷೌರಿಕ

ಕನ್ನಡದಲ್ಲಿ ‘ಶಾಸನ’ ಎಂಬ ಶಬ್ದವು ಎರಡು ಅರ್ಥಗಳಲ್ಲಿ ರೂಢವಾಗಿದೆ. ಕಲ್ಲಿನ ಮೇಲೆಯೋ ತಾಮ್ರಪಟದ ಮೇಲೆಯೋ ಕೊರೆದ ರಾಜಾಜ್ಞೆ ಒಂದು. ಶಾಸನಸಭೆಯು ಅಂಗೀಕರಿಸಿದ ಕಾಯಿದೆ ಮತ್ತೊಂದು. ಮೊದಲನೆಯದನ್ನು ಇತಿಹಾಸಕಾರರು ಓದುತ್ತಾರೆ, ಎರಡನೆಯದನ್ನು ವಕೀಲರು ಓದುತ್ತಾರೆ. ಎರಡನ್ನೂ ಒಂದೇ ಮೇಜಿನ ಮೇಲಿಟ್ಟು ಓದುವ ಪರಿಪಾಠ ನಮ್ಮ ವಿದ್ವತ್ತಿನಲ್ಲಿ ಹೆಚ್ಚಾಗಿ ಬೆಳೆಯಲಿಲ್ಲ. ಕ್ಷೌರಿಕನ ವಿಷಯದಲ್ಲಿಯಾದರೂ ಹಾಗೆ ಓದುವುದು ಅವಶ್ಯವೆಂದು ತೋರುತ್ತದೆ. ಪ್ರಭುತ್ವವು ಅವನನ್ನು ಕುರಿತು ವಿಜಯನಗರದ ಕಾಲದಿಂದ ಇಂದಿನವರೆಗೆ ಬರೆಯುತ್ತಲೇ ಬಂದಿದೆ. ಅವನಿಂದ ಎಷ್ಟು ತೆರಿಗೆ ಬರಬೇಕು, ಅವನ ಅಂಗಡಿ ಎಷ್ಟು ಗಂಟೆಗೆ ಮುಚ್ಚಬೇಕು, ಅವನ ಕತ್ತಿ ಎಷ್ಟು ಶುಚಿಯಾಗಿರಬೇಕು ಎಂಬುದನ್ನೆಲ್ಲ ಗೊತ್ತುಮಾಡಿದೆ. ಅವನು ಯಾರ ತಲೆಯನ್ನು ಮುಟ್ಟಬಹುದು, ಯಾರದನ್ನು ಮುಟ್ಟಬಾರದು ಎಂಬ ಮುಖ್ಯ ಪ್ರಶ್ನೆಯನ್ನು ಮಾತ್ರ ಬಹುಕಾಲ ಇತರರ ಕೈಗೆ ಬಿಟ್ಟುಕೊಟ್ಟಿತ್ತು.

ಮೊದಲು ಕಲ್ಲಿನ ಶಾಸನಗಳನ್ನು ನೋಡಬಹುದು. ಸದಾಶಿವರಾಯನ ಹೆಸರಿನಲ್ಲಿ ಅಳಿಯ ರಾಮರಾಯನು ರಾಜ್ಯವಾಳುತ್ತಿದ್ದ 1540ರ ದಶಕದ ಹಲವು ಶಾಸನಗಳು ಬಾದಾಮಿಯಲ್ಲಿಯೂ ಚಿತ್ರದುರ್ಗದ ಸೀಮೆಯಲ್ಲಿಯೂ ದೊರೆತಿವೆ. ಕೊಂಡೋಜನೆಂಬ ನಾಯಿಂದನು ರಾಮರಾಯನನ್ನು ಮೆಚ್ಚಿಸಿ, ತನ್ನ ಕುಲದವರು ಸಲ್ಲಿಸಬೇಕಾಗಿದ್ದ ತೆರಿಗೆಗಳನ್ನೂ ಊಳಿಗಗಳನ್ನೂ ಬಿಡಿಸಿಕೊಂಡನೆಂಬುದು ಅವುಗಳ ಸಾರ. ಫ್ಲೀಟ್, ರೈಸ್ ಮೊದಲಾದವರು ಈ ಶಾಸನಗಳನ್ನು ಬೆಳಕಿಗೆ ತಂದರು. 1934ರಲ್ಲಿ ಪ್ರಕಟವಾದ ತಮ್ಮ ವಿಜಯನಗರದ ಸಾಮಾಜಿಕ, ರಾಜಕೀಯ ಜೀವನದ ಗ್ರಂಥದಲ್ಲಿ ಭಾಸ್ಕರ ಆನಂದ ಸಾಲೆತೊರೆಯವರು ಇವನ್ನು ವಿಸ್ತಾರವಾಗಿ ಬಳಸಿಕೊಂಡರು. ಅಲ್ಲಿಂದ ಮುಂದೆ ಕೊಂಡೋಜನ ಪ್ರಸಂಗವು ಜನಪ್ರಿಯ ಇತಿಹಾಸಗಳಲ್ಲಿ ಒಂದು ರಸವತ್ತಾದ ಕಥೆಯಾಗಿ ನಿಂತಿತು: ಕೈಚಳಕದ ಕ್ಷೌರಿಕ, ಉದಾರಿಯಾದ ಅರಸು, ತೆರಿಗೆಯ ಮಾಫಿ.

ಈ ವಾಚನದಲ್ಲಿ ಎರಡು ಕೊರತೆಗಳಿವೆ. ಮಾಫಿಯಾದದ್ದನ್ನು ಕೊಂಡಾಡುವ ಭರದಲ್ಲಿ ಮಾಫಿಯಾಗುವ ಮೊದಲು ಏನಿತ್ತೆಂಬುದನ್ನು ಓದುಗರು ಮರೆಯುತ್ತಾರೆ. ಖಾತೆಯಲ್ಲಿ ಬಾಕಿಯನ್ನು ಮನ್ನಾ ಮಾಡಿದ ನಮೂದು ಸಿಕ್ಕಿದರೆ, ಆ ಖಾತೆ ಎಂದೋ ತೆರೆದಿತ್ತೆಂಬುದಕ್ಕೆ ಅದೇ ಸಾಕ್ಷಿಯಾಗುತ್ತದೆ. ಬಿಟ್ಟಿ, ಬಿರಾಡ, ಮಹಾನವಮಿಯ ಪಂಜು, ತೆರಿಗೆ—ಇವು ಶಾಸನಗಳಲ್ಲಿ ಬಿಡುಗಡೆಯಾದ ಬಾಬುಗಳು. ಪಂಜು ಎಂದರೆ ಉತ್ಸವದಲ್ಲಿ ಪಂಜು ಹಿಡಿಯುವ ಊಳಿಗವಾಗಿರಲಿ, ಅದರ ಬದಲಿಗೆ ತೆರಬೇಕಾದ ಕಾಣಿಕೆಯಾಗಿರಲಿ, ಕತ್ತಿ ಹಿಡಿದ ಕೈಯನ್ನು ಪ್ರಭುತ್ವವು ಪಂಜಿಗೂ ಲೆಕ್ಕ ಹಿಡಿದಿತ್ತೆಂಬುದು ಸ್ಪಷ್ಟವಾಗಿದೆ. ಅರಸನು ನಾಯಿಂದನನ್ನು ಕಂಡದ್ದು ದುಡಿಮೆಯ ಮೂಲವಾಗಿ. ಬಿಡುಗಡೆಯೂ ಅದೇ ಲೆಕ್ಕದ ಒಂದು ಸಾಲು. ಈ ಬಿಡುಗಡೆ ದೊರೆತದ್ದಾದರೂ ಒಬ್ಬ ಮನುಷ್ಯನ ಮೆಚ್ಚುಗೆಯಿಂದ. 1565ರಲ್ಲಿ ಆ ಮನುಷ್ಯನೇ ರಣರಂಗದಲ್ಲಿ ಮಡಿದನು. ಕಲ್ಲಿನ ಮೇಲೆ ಕೊರೆದದ್ದು ಉಳಿಯಿತು. ಅದನ್ನು ನಡೆಸಿಕೊಡುವ ಕೈ ಉಳಿಯಲಿಲ್ಲ.

ಎರಡನೆಯ ಕೊರತೆ ಹೆಸರಿಗೆ ಸಂಬಂಧಿಸಿದ್ದು. ‘ಕೊಂಡೋಜ’ ಎಂಬಲ್ಲಿರುವ ‘ಓಜ’ ಶಬ್ದವು ‘ಉಪಾಧ್ಯಾಯ’ದ ತದ್ಭವ. ಶಿಲ್ಪಿಗಳು, ಅಕ್ಕಸಾಲೆಗಳು, ಕಮ್ಮಾರರು ಈ ಉಪಪದವನ್ನು ಧರಿಸುತ್ತಿದ್ದುದನ್ನು ಕರ್ನಾಟಕದ ಶಾಸನಗಳನ್ನು ಓದಿದವರೆಲ್ಲ ಬಲ್ಲರು. ಕ್ಷೌರಿಕನ ಹೆಸರಿನಲ್ಲಿಯೂ ಅದು ಬಂದಿದೆಯೆಂದರೆ ಅವನ ಕೆಲಸವು ಗುರುಮುಖದಿಂದ ಕಲಿತ ಒಂದು ವಿದ್ಯೆಯೆಂಬ ಮನ್ನಣೆ ಆ ಕಾಲದ ಭಾಷೆಯಲ್ಲಿ ಇದ್ದಿತೆಂದು ಊಹಿಸಬಹುದು. ಅನಂತರದ ಕನ್ನಡವು ಈ ಮನ್ನಣೆಯನ್ನು ಉಳಿಸಿಕೊಳ್ಳಲಿಲ್ಲ. ರಕ್ತ ತೆಗೆದು ಚಿಕಿತ್ಸೆ ಮಾಡುವವನೆಂಬ ಅರ್ಥದ ಅರಬ್ಬಿ ಮೂಲದ ‘ಹಜಾಮ’ ಶಬ್ದವು ನಮ್ಮಲ್ಲಿ ಬೈಗುಳದ ಮಟ್ಟಕ್ಕೆ ಇಳಿಯಿತು. ತಾಂಬೂಲದ ಚೀಲವಾಗಿದ್ದ ‘ಹಡಪ’ವು ಕ್ಷೌರದ ಸಲಕರಣೆಗಳ ಚೀಲವೂ ಆಯಿತು, ಉತ್ತರ ಕರ್ನಾಟಕದ ಕ್ಷೌರಿಕರು ಬಸವಣ್ಣನವರ ಒಡನಾಡಿಯಾದ ಹಡಪದ ಅಪ್ಪಣ್ಣನವರಲ್ಲಿ ತಮ್ಮ ಮರ್ಯಾದೆಯ ಹೆಸರನ್ನು ಹುಡುಕಿಕೊಂಡರು.

ವಿಜಯನಗರದ ಶಾಸನಗಳು ಹೇಳದ ಮಾತೊಂದಿದೆ. ಗ್ರಾಮದ ಆಯಗಾರರಲ್ಲಿ ಕ್ಷೌರಿಕನೂ ಒಬ್ಬ. ಮಹಾರಾಷ್ಟ್ರದಲ್ಲಿ ಇವರಿಗೆ ಬಲುತೆದಾರರೆಂದು ಹೆಸರು. ರಾಶಿಯ ಕಾಲಕ್ಕೆ ಪ್ರತಿ ಮನೆಯಿಂದ ಇಷ್ಟು ಕಾಳು ಎಂದು ಅವನಿಗೆ ಸಲ್ಲುತ್ತಿತ್ತು. ಅದಕ್ಕೆ ಪ್ರತಿಯಾಗಿ ಅವನು ವರ್ಷವಿಡೀ ಆ ಮನೆಗಳ ಕೆಲಸ ಮಾಡಬೇಕಾಗಿತ್ತು. ಈ ಮನೆಗಳ ಪಟ್ಟಿಯಲ್ಲಿ ಯಾರು ಇರಬೇಕು, ಯಾರು ಇರಬಾರದು ಎಂಬುದನ್ನು ನಿರ್ಣಯಿಸುತ್ತಿದ್ದವರು ಊರಿನ ಕುಳಗಳು. ಇಂದಿನ ಮಾತಿನಲ್ಲಿ ಹೇಳುವುದಾದರೆ ಪರವಾನಗಿಯನ್ನು ಕೊಡುತ್ತಿದ್ದದ್ದು ಊರು. ಷರತ್ತನ್ನು ವಿಧಿಸುತ್ತಿದ್ದದ್ದೂ ಊರು. ಅರಸನಿಗೆ ತೆರಿಗೆ ಬಂದರೆ ಸಾಕಾಗಿತ್ತು. ಕೊಂಡೋಜನ ಶಾಸನಗಳನ್ನು ಸಾಮಾಜಿಕ ಬಿಡುಗಡೆಯ ದಾಖಲೆಗಳೆಂದು ಓದುವವರು ಈ ಮೌನವನ್ನು ಗಮನಿಸಬೇಕು.

ಬ್ರಿಟಿಷರ ಆಳಿಕೆಯಲ್ಲಿ ಕಸಬುಗಳ ಮೇಲಿನ ಹಳೆಯ ತೆರಿಗೆಯಾದ ಮೊಹತರ್ಫಾ ಮುಂಬಯಿ ಪ್ರಾಂತದಲ್ಲಿ 1844ರಲ್ಲಿ ರದ್ದಾಯಿತು. ಅದರ ಸ್ಥಾನದಲ್ಲಿ ಕಾಲಕ್ರಮೇಣ ಕಾಣಿಸಿಕೊಂಡದ್ದು ನಗರಸಭೆಯ ಪರವಾನಗಿ. 1888ರ ಮುಂಬಯಿ ಮಹಾನಗರಪಾಲಿಕೆಯ ಕಾಯಿದೆಯ 394ನೆಯ ಕಲಮು ಪರವಾನಗಿಯಿಲ್ಲದೆ ನಡೆಸಬಾರದ ಕಸಬುಗಳ ಮಾತನ್ನೆತ್ತುತ್ತದೆ. ಅದಕ್ಕೆ ಸೇರಿದ ಅನುಸೂಚಿಯಲ್ಲಿ ಕ್ಷೌರದ ಅಂಗಡಿಯೂ ಬಂದು ಸೇರಿದೆ. ಅಲ್ಲಿ ಅದರ ನೆರೆಹೊರೆ ಯಾವುದೆಂದು ನೋಡಿದರೆ ಕಾಯಿದೆಯ ದೃಷ್ಟಿ ತಿಳಿಯುತ್ತದೆ. ಬೆಂಕಿ ಹತ್ತುವ ಸರಕು, ದುರ್ವಾಸನೆ ಹರಡುವ ಉದ್ಯೋಗ, ಜನರು ಉಣ್ಣುವ ಖಾನಾವಳಿ—ಇವುಗಳ ನಡುವೆ ಕ್ಷೌರಿಕ. ವಿಜಯನಗರಕ್ಕೆ ಅವನು ದುಡಿಮೆಯ ಮೂಲ. ನಗರಸಭೆಗೆ ಅವನು ರೋಗದ ಮೂಲ. ಒಂದು ಗಡ್ಡದಿಂದ ಮತ್ತೊಂದು ಗಡ್ಡಕ್ಕೆ ಹರಡುವ ಚರ್ಮರೋಗಗಳಿಂದ ಹಿಡಿದು, ಒಂದೇ ಕತ್ತಿಯಿಂದ ರಕ್ತದ ಮೂಲಕ ಅಂಟುವ ರೋಗಗಳವರೆಗೆ ಈ ಭಯಕ್ಕೆ ತಕ್ಕ ಕಾರಣವೂ ಇತ್ತೆಂಬುದನ್ನು ಒಪ್ಪಬೇಕು. ಪ್ರತಿ ಗಿರಾಕಿಗೂ ಹೊಸ ಬ್ಲೇಡು ಎಂಬ ಇಂದಿನ ವಾಡಿಕೆ ಸಣ್ಣ ಲಾಭವಲ್ಲ.

ದೃಷ್ಟಿ ಇಷ್ಟಕ್ಕೇ ನಿಂತುಬಿಟ್ಟಿತೆಂಬುದು ಇಲ್ಲಿಯ ಆಕ್ಷೇಪ. 1948ರ ಮುಂಬಯಿ ಅಂಗಡಿಗಳ ಕಾಯಿದೆ ಕೆಲಸದ ವೇಳೆಯನ್ನೂ ವಾರದ ರಜೆಯನ್ನೂ ಗೊತ್ತುಮಾಡಿ, ಕೂಲಿಗೆ ದುಡಿಯುವ ಕಾರಾಗೀರರಿಗೆ ನೆರವಾಯಿತು. 2017ರ ಮಹಾರಾಷ್ಟ್ರದ ಹೊಸ ಕಾಯಿದೆ ಅದರ ಸ್ಥಾನಕ್ಕೆ ಬಂದು, ಹತ್ತಕ್ಕಿಂತ ಕಡಿಮೆ ಜನ ದುಡಿಯುವ ಅಂಗಡಿಗಳಿಗೆ ನೋಂದಣಿಯ ಬದಲು ಬರಿಯ ಸೂಚನೆ ಸಾಕೆಂದಿತು. ಎರಡು ಮೂರು ಕುರ್ಚಿಗಳ ಕಟಿಂಗ್ ಅಂಗಡಿಗಳೆಲ್ಲ ಹೀಗೆ ನೋಂದಣಿಯ ಹೊರಗೆ ಉಳಿದವು. 2020ರ ಸಾಂಕ್ರಾಮಿಕದ ಕಾಲದಲ್ಲಿ ಆರೋಗ್ಯದ ದೃಷ್ಟಿಯು ತನ್ನ ತುತ್ತತುದಿಯನ್ನು ಮುಟ್ಟಿತು. ಮಾರ್ಚ್ ತಿಂಗಳ ಕೊನೆಗೆ ಮುಚ್ಚಿದ ಅಂಗಡಿಗಳು ಕರ್ನಾಟಕದಲ್ಲಿ ಮೇ 19ರಿಂದ ತೆರೆದವು. ಮಹಾರಾಷ್ಟ್ರದಲ್ಲಿ ಜೂನ್ 28ರಿಂದ ತೆರೆದವು. ಆದರೆ ಕೂದಲು ಕತ್ತರಿಸಬಹುದು, ಮುಖಕ್ಷೌರ ಕೂಡದು ಎಂಬ ಕಟ್ಟಳೆಯೊಡನೆ. ತಮಿಳುನಾಡಿನಲ್ಲಿ ಗಿರಾಕಿಯ ಹೆಸರು, ವಿಳಾಸ, ಆಧಾರ್ ಸಂಖ್ಯೆಗಳನ್ನು ಬರೆದಿಡುವ ಹೊಣೆ ಕ್ಷೌರಿಕನ ಮೇಲೆ ಬಿತ್ತು. ಪ್ರಭುತ್ವವು ಮನಸ್ಸು ಮಾಡಿದರೆ ಕುರ್ಚಿಯಲ್ಲಿ ಯಾರು ಕುಳಿತರು, ಕತ್ತಿ ಎಲ್ಲಿಯವರೆಗೆ ಹೋಯಿತು ಎಂಬಷ್ಟು ಸೂಕ್ಷ್ಮವಾಗಿ ಅಂಗಡಿಯೊಳಗೆ ಇಣುಕಬಲ್ಲದೆಂಬುದು ಆ ಕೆಲವು ತಿಂಗಳುಗಳಲ್ಲಿ ಸಿದ್ಧವಾಯಿತು. ಕುರ್ಚಿಯಲ್ಲಿ ಯಾರನ್ನು ಕುಳ್ಳಿರಿಸಲಿಲ್ಲ ಎಂಬುದನ್ನು ನೋಡಲು ಅದೇ ಬಗೆಯ ಕಣ್ಣು ಎಂದೂ ತೆರೆಯಲಿಲ್ಲ.

ಈ ನಿರಾಕರಣೆಯ ಪ್ರಶ್ನೆಯನ್ನು ಎತ್ತುವ ಮೊದಲು ಮುಂಬಯಿಯ ಒಂದು ಹಳೆಯ ಸಂಗತಿಯನ್ನು ನೆನೆಯಬೇಕು. 1890ರಲ್ಲಿ ‘ದೀನಬಂಧು’ವಿನ ಸಂಪಾದಕರೂ ಗಿರಣಿ ಕೆಲಸಗಾರರ ನಾಯಕರೂ ಆಗಿದ್ದ ನಾರಾಯಣ ಮೇಘಾಜಿ ಲೋಖಂಡೆಯವರು ಈ ನಗರದ ನಾವಿಗಳನ್ನು ಸಂಘಟಿಸಿ, ವಿಧವೆಯರ ಕೇಶಮುಂಡನ ಮಾಡುವುದಿಲ್ಲವೆಂದು ಅವರಿಂದ ಹೇಳಿಸಿದರು. ಶಾಸ್ತ್ರ ಕೇಳಿದರೂ ಗಿರಾಕಿಯ ಮನೆಯವರು ಹಣ ಕೊಟ್ಟರೂ ಕತ್ತಿ ಎತ್ತುವುದಿಲ್ಲವೆಂಬ ಆ ನಿರ್ಧಾರವು ಕ್ಷೌರಿಕನ ಇತಿಹಾಸದಲ್ಲಿ ಕೊಂಡೋಜನ ಬಿಡುಗಡೆಗಿಂತ ದೊಡ್ಡದು. ಕರ್ನಾಟಕದ ಅಗ್ರಹಾರಗಳಲ್ಲಿಯೂ ಇದೇ ಅನಾಚಾರ ನಡೆಯುತ್ತಿದ್ದುದರಿಂದ, ಈ ಸುದ್ದಿಯ ಅರ್ಥ ಕನ್ನಡಿಗರಿಗೆ ಬಿಡಿಸಿ ಹೇಳಬೇಕಾದದ್ದಲ್ಲ. ಹಾಗಾದರೆ ನಿರಾಕರಿಸುವ ಹಕ್ಕು ಕ್ಷೌರಿಕನಿಗೆ ಇರಬೇಕೋ ಬೇಡವೋ? ಪರವಾನಗಿಯ ಮೂಲಕ ಆ ಹಕ್ಕನ್ನು ಕಿತ್ತುಕೊಳ್ಳುವುದೆಂದರೆ 1890ರ ನಾವಿಗಳ ಕೈಯನ್ನೂ ಕಟ್ಟಿದಂತಾಗುವುದಿಲ್ಲವೇ ಎಂದು ಯಾರಾದರೂ ಕೇಳಬಹುದು. ಉತ್ತರ ಕಷ್ಟವಲ್ಲ. ಅವರು ನಿರಾಕರಿಸಿದ್ದು ಒಂದು ಕೃತ್ಯವನ್ನು. ಅದನ್ನು ಯಾರಿಗಾಗಿಯೂ ಮಾಡೆವೆಂದರು. ಅಸ್ಪೃಶ್ಯತೆಯ ನಿರಾಕರಣೆಯಲ್ಲಿ ಕೃತ್ಯವು ಎಲ್ಲರಿಗೂ ನಡೆಯುತ್ತಿರುತ್ತದೆ, ಒಬ್ಬ ಮನುಷ್ಯನಿಗೆ ಮಾತ್ರ ನಡೆಯುವುದಿಲ್ಲ.

ಈ ಎರಡನೆಯ ನಿರಾಕರಣೆಯನ್ನು ಸ್ವಂತ ತಲೆಯ ಮೇಲೆ ಅನುಭವಿಸಿದವರೊಬ್ಬರು ಸ್ವತಂತ್ರ ಭಾರತದ ಸಂವಿಧಾನವನ್ನು ಬರೆಯುವಂತಾದದ್ದು ವಿಶೇಷ. ಸಾತಾರದಲ್ಲಿ ಕ್ಷೌರಿಕರಿಗೆ ಕೊರತೆಯಿರಲಿಲ್ಲ. ಆದರೂ ಅಂಬೇಡ್ಕರರ ಮತ್ತು ಅವರ ಸೋದರರ ಕೂದಲನ್ನು ಮನೆಯಲ್ಲಿ ಅಕ್ಕನೇ ಕತ್ತರಿಸಬೇಕಾಗಿತ್ತೆಂದು ಅವರ ಆತ್ಮವೃತ್ತದ ಬರಹದಲ್ಲಿದೆ. 1948ರ ನವೆಂಬರ್ 29ರಂದು ಸಂವಿಧಾನ ಸಭೆಯಲ್ಲಿ, ಯಾವ ಪೌರನಿಗೂ ಅಂಗಡಿಗಳ ಪ್ರವೇಶವನ್ನು ತಪ್ಪಿಸಬಾರದೆಂಬ ವಿಧಿಯ ಚರ್ಚೆ ನಡೆದಾಗ ‘ಅಂಗಡಿ’ ಎಂದರೇನೆಂಬ ಪ್ರಶ್ನೆ ಬಂದಿತು. ಸರಕು ಮಾರುವ ಸ್ಥಳಕ್ಕೆ ಆ ಶಬ್ದವನ್ನು ಸೀಮಿತಗೊಳಿಸದೆ, ಸೇವೆಯನ್ನು ಬಯಸಿ ಬಂದವರಿಗೆ ಸೇವೆ ಸಲ್ಲಿಸಲು ಸಿದ್ಧನಿರುವವನ ಸ್ಥಳವೆಂಬ ವಿಶಾಲಾರ್ಥವನ್ನು ಅಂಬೇಡ್ಕರರು ಕೊಟ್ಟರು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆಯು ಈ ಅರ್ಥವನ್ನು ವ್ಯಾಖ್ಯೆಯಲ್ಲಿಯೇ ಬರೆದುಕೊಂಡಿತು: ಅಂಗಡಿ ಎಂಬುದರಲ್ಲಿ ಬಟ್ಟೆ ಒಗೆಯುವ ಲಾಂಡ್ರಿಯೂ ಕ್ಷೌರದ ಸಲೂನೂ ಸೇರುತ್ತವೆ. 1976ರ ತಿದ್ದುಪಡಿಯಿಂದ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆ ಎಂಬ ಹೆಸರು ಬಂದ ಮೇಲೆಯೂ ಈ ಮಾತು ಹಾಗೆಯೇ ಉಳಿದಿದೆ.

ಈ ಕಾಯಿದೆಯ ಪಠ್ಯವು ಸಾವಧಾನವಾಗಿ ಓದತಕ್ಕದ್ದು. 6ನೆಯ ಕಲಮು ಸೇವೆಯ ನಿರಾಕರಣೆಯನ್ನು ಅಪರಾಧವೆನ್ನುತ್ತದೆ. ಇತರರಿಗೆ ಸಲ್ಲುವ ಸಮಯದಲ್ಲಿಯೇ, ಅದೇ ಸ್ಥಳದಲ್ಲಿಯೇ, ಅದೇ ಷರತ್ತುಗಳ ಮೇಲೆಯೇ ಸೇವೆ ಸಲ್ಲಬೇಕೆಂಬುದು ಅದರ ಹೊಂದಿಕೆ. ಬೇರೆ ಕುರ್ಚಿ, ಬೇರೆ ಕತ್ತಿ, ಅಂಗಡಿ ಮುಚ್ಚಿದ ಮೇಲೆ ಹಿತ್ತಲ ಬಾಗಿಲಲ್ಲಿ ಕ್ಷೌರ—ಈ ಎಲ್ಲ ಉಪಾಯಗಳನ್ನೂ ಆ ಮೂರು ಮಾತುಗಳು ಮುಚ್ಚಿಬಿಡುತ್ತವೆ. 12ನೆಯ ಕಲಮು, ನೊಂದವನು ಪರಿಶಿಷ್ಟ ಜಾತಿಯವನಾಗಿದ್ದರೆ ಕೃತ್ಯವು ಅಸ್ಪೃಶ್ಯತೆಯ ಕಾರಣದಿಂದಲೇ ನಡೆಯಿತೆಂದು ನ್ಯಾಯಾಲಯವು ಭಾವಿಸತಕ್ಕದ್ದೆಂದು ಹೇಳಿ, ಅಲ್ಲವೆಂದು ತೋರಿಸುವ ಭಾರವನ್ನು ಆರೋಪಿಯ ಮೇಲೆ ಹೊರಿಸುತ್ತದೆ. 8ನೆಯ ಕಲಮು ಇವೆಲ್ಲಕ್ಕಿಂತ ಕುತೂಹಲಕರ. 6ನೆಯ ಕಲಮಿನಂತೆ ಶಿಕ್ಷೆಯಾದವನ ಕಸಬಿಗೆ ಯಾವುದಾದರೂ ಕಾಯಿದೆಯ ಪ್ರಕಾರ ಪರವಾನಗಿ ಇದ್ದರೆ, ಅದನ್ನು ರದ್ದುಮಾಡಲು ಇಲ್ಲವೆ ತಡೆಹಿಡಿಯಲು ನ್ಯಾಯಾಲಯವು ಆಜ್ಞಾಪಿಸಬಹುದು. ತೆರಿಗೆಗೆಂದು ಹುಟ್ಟಿ ಶುಚಿತ್ವಕ್ಕೆಂದು ಬೆಳೆದ ಪರವಾನಗಿಯು ಗಿರಾಕಿಯ ಮಾನಕ್ಕೆ ಕಾವಲಾಗಿ ನಿಂತದ್ದು ಇಲ್ಲಿಯೇ. ಆರು ತಿಂಗಳ ಸೆರೆ, ಐನೂರು ರೂಪಾಯಿಯ ದಂಡ ಎಂಬ ಮೇಲ್ಮಿತಿಗಿಂತ ಪರವಾನಗಿ ಹೋಗುವ ಭಯವೇ ವ್ಯಾಪಾರಿಯನ್ನು ಹೆಚ್ಚು ಎಚ್ಚರಿಸಬಲ್ಲದೆಂಬುದನ್ನು ಕರಡು ಬರೆದವರು ಬಲ್ಲವರಾಗಿದ್ದರು.

ಇಷ್ಟು ಚೆನ್ನಾಗಿ ಬರೆದ ಕಾಯಿದೆ ಹಳ್ಳಿಯಲ್ಲಿ ಏಕೆ ತೊಡರಿತೆಂಬುದಕ್ಕೆ ಕಾರಣವೂ ಅದರ ಬರವಣಿಗೆಯಲ್ಲಿಯೇ ಇದೆ. ‘ವ್ಯವಹಾರದ ಸಾಮಾನ್ಯ ಕ್ರಮದಲ್ಲಿ’ ಇತರರಿಗೆ ಸಲ್ಲುವ ಸೇವೆ ಎಂಬುದು 6ನೆಯ ಕಲಮಿನ ಅಳತೆಗೋಲು. ಇದು ಪೇಟೆಯ ಭಾಷೆ. ದಾದರಿನ ಅಂಗಡಿಯಲ್ಲಿ ಯಾರು ಯಾರೆಂದು ಯಾರಿಗೂ ತಿಳಿಯದು; ಸರದಿ ಬಂದವನು ಕುಳಿತುಕೊಳ್ಳುತ್ತಾನೆ. ಆಯದ ನೆನಪು ಇನ್ನೂ ಮಾಸದ ಊರಿನಲ್ಲಿ ‘ಸಾಮಾನ್ಯ ಕ್ರಮ’ ಎಂದರೆ ಊರು ಗೊತ್ತುಮಾಡಿದ ಮನೆಗಳ ಪಟ್ಟಿಯೇ. ಅಲ್ಲದೆ ಅಗಸೆಯ ಕಟ್ಟೆಯ ಮೇಲೆ, ಬೇವಿನ ಮರದ ನೆರಳಿನಲ್ಲಿ ಪೆಟ್ಟಿಗೆ ಬಿಚ್ಚಿ ಕುಳಿತವನಿಗೆ ಸಾಮಾನ್ಯವಾಗಿ ಪರವಾನಗಿಯ ಕಾಗದವೇ ಇರುವುದಿಲ್ಲ. ಇಲ್ಲದ ಕಾಗದವನ್ನು ಯಾವ ನ್ಯಾಯಾಧೀಶನೂ ರದ್ದುಮಾಡಲಾರನು. ನಿರಾಕರಣೆ ವಿರಳವಾದ ನಗರದಲ್ಲಿ 8ನೆಯ ಕಲಮಿನ ಆಯುಧವಿದೆ, ನಿರಾಕರಣೆ ಹೆಚ್ಚಿರುವ ಹಳ್ಳಿಯಲ್ಲಿ ಅದಕ್ಕೆ ಹಿಡಿಯಿಲ್ಲ.

ಇದಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ. ಕಾಯಿದೆಯು ನಿರಾಕರಿಸುವ ಕ್ಷೌರಿಕನನ್ನು ಮಾತ್ರ ಕಲ್ಪಿಸಿಕೊಂಡಿತು. ನಿರಾಕರಿಸದವನ ಗತಿ ಏನೆಂಬುದನ್ನು ಸಾಕಷ್ಟು ಯೋಚಿಸಲಿಲ್ಲ. 2020ರ ನವೆಂಬರಿನಲ್ಲಿ ನಂಜನಗೂಡು ತಾಲ್ಲೂಕಿನ ಹಳ್ಳಿಯೊಂದರಿಂದ ಬಂದ ವರದಿಯು ಇದನ್ನು ಎತ್ತಿ ತೋರಿಸಿತು. ದಲಿತರಿಗೆ ಕ್ಷೌರ ಮಾಡಿದ್ದಕ್ಕಾಗಿ ಊರಿನ ಬಲಾಢ್ಯರು ಕ್ಷೌರಿಕನ ಕುಟುಂಬವನ್ನು ಬಹಿಷ್ಕರಿಸಿ, ಐವತ್ತು ಸಾವಿರ ರೂಪಾಯಿ ದಂಡ ಹಾಕಿದರೆಂದು ಪತ್ರಿಕೆಗಳು ಬರೆದವು. ಕಾಯಿದೆಯ ಮೇಲ್ಮಿತಿಯ ಐನೂರು ರೂಪಾಯಿಯನ್ನು ಈ ಐವತ್ತು ಸಾವಿರದ ಪಕ್ಕದಲ್ಲಿಟ್ಟು ನೋಡಿದರೆ, ಆ ಕ್ಷೌರಿಕನ ಮಟ್ಟಿಗೆ ಯಾರ ಶಾಸನ ಭಾರವಾದದ್ದೆಂಬುದು ಲೆಕ್ಕ ಬಲ್ಲವರಿಗೆಲ್ಲ ಗೊತ್ತಾಗುತ್ತದೆ. ಅಸ್ಪೃಶ್ಯತೆಯನ್ನು ಆಚರಿಸಲು ಒಪ್ಪದವನನ್ನು ಬಹಿಷ್ಕರಿಸುವುದೂ ಅಪರಾಧವೆಂದು 7ನೆಯ ಕಲಮಿನ ಎರಡನೆಯ ಉಪಕಲಮು ಹೇಳುವುದೇನೋ ನಿಜ. ಆದರೆ ಬಹಿಷ್ಕಾರ ಹಾಕುವವನೂ ಅದಕ್ಕೆ ಗುರಿಯಾಗುವವನೂ ಒಂದೇ ಸಮುದಾಯದವರಾಗಿರಬೇಕೆಂಬುದು ಅದರ ವಾಕ್ಯರಚನೆಯಲ್ಲಿ ಅಡಗಿದೆ. ಕುಲದ ಪಂಚರು ತಮ್ಮವನನ್ನು ಹೊರಹಾಕುವ ಚಿತ್ರವನ್ನೇ 1955ರ ಕರಡು ಎದುರಿಗಿಟ್ಟುಕೊಂಡಿತ್ತು. ಕ್ಷೌರಿಕನಿಗೆ ಅನ್ನ ಕೊಡುವವರೂ ಅದನ್ನು ನಿಲ್ಲಿಸುವವರೂ ಅವನ ಕುಲದವರಲ್ಲ, ಅವನ ಗಿರಾಕಿಗಳು. ಅವರು ಬೇರೆ ಜಾತಿಯವರು. 2016ರಲ್ಲಿ ಮಹಾರಾಷ್ಟ್ರವು ಅಂಗೀಕರಿಸಿದ ಸಾಮಾಜಿಕ ಬಹಿಷ್ಕಾರದ ಕಾಯಿದೆಯೂ ತನ್ನ ಸಮುದಾಯದ ಸದಸ್ಯನೆಂಬ ಮಾತಿನ ಸುತ್ತಲೇ ಸುತ್ತುತ್ತದೆ. ಪರಿಶಿಷ್ಟರ ಮೇಲಿನ ದೌರ್ಜನ್ಯವನ್ನು ತಡೆಯುವ 1989ರ ಕಾಯಿದೆಗೆ 2015ರಲ್ಲಿ ಬಹಿಷ್ಕಾರದ ಅಪರಾಧವನ್ನು ಸೇರಿಸಿದರು. ಅದು ಪರಿಶಿಷ್ಟರಿಗೆ ಯೋಗ್ಯವಾದ ರಕ್ಷಣೆ. ಹಿಂದುಳಿದ ವರ್ಗದ ಕ್ಷೌರಿಕನು ಅದರ ನೆರಳಿನಲ್ಲಿ ನಿಲ್ಲಲಾರನು.

ಇದನ್ನು ಹೇಳುವುದರಿಂದ ನಿರಾಕರಿಸುವವನ ತಪ್ಪು ಹಗುರಾಗುವುದಿಲ್ಲ. 2024ರ ಆಗಸ್ಟ್‌ನಲ್ಲಿ ಕೊಪ್ಪಳ ಜಿಲ್ಲೆಯ ಹಳ್ಳಿಯೊಂದರಲ್ಲಿ ಕ್ಷೌರಕ್ಕೆಂದು ಅಂಗಡಿಗೆ ಹೋದ ದಲಿತ ಯುವಕನೊಬ್ಬನು, ಆ ನಿರಾಕರಣೆಯ ಜಗಳದಲ್ಲಿ ಇರಿತಕ್ಕೊಳಗಾಗಿ ಸತ್ತನು. ಕೊಲೆಯ ಆರೋಪದ ಮೇಲೆ ಅಂಗಡಿಯವನು ಬಂಧಿತನಾದನು. ಸಂವಿಧಾನ ಸಭೆಯಲ್ಲಿ ‘ಅಂಗಡಿ’ ಶಬ್ದಕ್ಕೆ ಅರ್ಥ ಹೇಳಿ ಆಗ ಮುಕ್ಕಾಲು ಶತಮಾನ ಕಳೆದಿತ್ತು.

ಸರ್ಕಾರಕ್ಕೆ ಹೊಳೆದ ಪರಿಹಾರವೂ ಗಮನಾರ್ಹವಾಗಿದೆ. 2020ರ ಕೊನೆಯಲ್ಲಿ ಕರ್ನಾಟಕದ ಸಮಾಜ ಕಲ್ಯಾಣ ಇಲಾಖೆಯು ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿ ಸರ್ಕಾರದ್ದೇ ಕ್ಷೌರದ ಅಂಗಡಿಗಳನ್ನು ತೆರೆಯುವ ಪ್ರಸ್ತಾಪವನ್ನು ಮುಂದಿಟ್ಟಿತ್ತು. ಉದ್ದೇಶ ಒಳ್ಳೆಯದು. ಆದರೆ ಊರಿನವರು ಹಳೆಯ ಅಂಗಡಿಗೂ ದಲಿತರು ಸರ್ಕಾರದ ಅಂಗಡಿಗೂ ಹೋಗುವಂತಾದರೆ, ‘ಅದೇ ಸ್ಥಳದಲ್ಲಿ’ ಎಂಬ 6ನೆಯ ಕಲಮಿನ ಮಾತನ್ನು ಸರ್ಕಾರವೇ ಕೈಯಾರೆ ಅಳಿಸಿದಂತಾಗುವುದಿಲ್ಲವೇ? ಇದಕ್ಕಿಂತ ಕಡಿಮೆ ವೆಚ್ಚದ ದಾರಿಯೊಂದಿದೆ. ದಂಡ ಹಾಕಿದವರಿಂದ ಆ ದಂಡವನ್ನು ವಸೂಲುಮಾಡಿ ಕ್ಷೌರಿಕನಿಗೆ ಕೊಡಿಸುವುದು, ಬಹಿಷ್ಕಾರದ ತಿಂಗಳುಗಳಲ್ಲಿ ಅವನ ನಷ್ಟವನ್ನು ತುಂಬಿಕೊಡುವುದು, 7ನೆಯ ಕಲಮಿನಿಂದ ‘ಅವನ ಸಮುದಾಯಕ್ಕೆ ಸೇರಿದ’ ಎಂಬ ಮಾತನ್ನು ತೆಗೆದುಹಾಕುವುದು. ಅಪರಾಧಕ್ಕೆ ಒತ್ತಾಸೆಯಾದ ಊರಿನ ಮೇಲೆ ಸಾಮೂಹಿಕ ದಂಡ ವಿಧಿಸಲು 1976ರಲ್ಲಿಯೇ 10-ಎ ಕಲಮು ಸೇರಿದೆ; ಅಧಿಕಾರ ಇಲ್ಲದಿರಲಿಲ್ಲ.

2023ರ ಸೆಪ್ಟೆಂಬರ್ 17ರಂದು ಆರಂಭವಾದ ಕೇಂದ್ರದ ವಿಶ್ವಕರ್ಮ ಯೋಜನೆಯು ಹದಿನೆಂಟು ಕಸಬುಗಳಲ್ಲಿ ಕ್ಷೌರಿಕನ ಕಸಬನ್ನೂ ಸೇರಿಸಿಕೊಂಡಿದೆ. ಪ್ರಮಾಣಪತ್ರ, ಗುರುತಿನ ಚೀಟಿ, ಸಲಕರಣೆಗೆ ಹದಿನೈದು ಸಾವಿರ ರೂಪಾಯಿ. ಜಾಮೀನಿಲ್ಲದೆ ಮೊದಲು ಒಂದು ಲಕ್ಷದವರೆಗೆ, ಅದನ್ನು ತೀರಿಸಿದ ಮೇಲೆ ಎರಡು ಲಕ್ಷದವರೆಗೆ ಸಾಲ. ಬಡ್ಡಿ ಶೇಕಡ 5. ಬ್ಯಾಂಕಿನ ಬಾಗಿಲನ್ನೇ ಕಾಣದ ಕಸಬುದಾರನಿಗೆ ಇದು ನಿಜವಾದ ಸಹಾಯ. ಇದನ್ನು ಕಡೆಗಣಿಸಿ ಮಾತಾಡುವವರಿಗೆ ಹಳ್ಳಿಯ ಬಡ್ಡಿಯ ದರ ಗೊತ್ತಿಲ್ಲ. ನಾಯಿಂದನ ಹೆಸರಿನಲ್ಲಿದ್ದ ‘ಓಜ’ ಪದವು ಬೇರೊಂದು ರೂಪದಲ್ಲಿ ಮರಳಿದಂತೆಯೂ ತೋರುತ್ತದೆ: ಶಿಲ್ಪಿ, ಕಮ್ಮಾರರ ಕುಲದೈವದ ಹೆಸರಿನಡಿಯಲ್ಲಿ ಕ್ಷೌರಿಕನು ಮತ್ತೆ ಕುಶಲಕರ್ಮಿಯೆನಿಸಿದ್ದಾನೆ. ಆದರೆ ಯೋಜನೆಯು ಗುರುತಿಸುವುದು ಕುಟುಂಬದಿಂದ ಬಂದ ಸಾಂಪ್ರದಾಯಿಕ ಕಸಬನ್ನು. ದಲಿತರ ಕೇರಿಯ ತರುಣನೊಬ್ಬನು ಪಟ್ಟಣದಲ್ಲಿ ಕೆಲಸ ಕಲಿತುಬಂದು ತನ್ನ ಊರಿನಲ್ಲಿಯೇ ಎಲ್ಲರಿಗೂ ತೆರೆದ ಅಂಗಡಿ ಹಾಕುವೆನೆಂದರೆ, ‘ಕುಟುಂಬದ ಕಸಬು’ ಎಂಬ ಮಾತು ಅವನಿಗೆ ಮೊದಲ ತೊಡಕಾಗುತ್ತದೆ. ನಂಜನಗೂಡಿನ ಕ್ಷೌರಿಕನಂಥವನಿಗೆ ಕುಟುಂಬದ ಕಸಬಿನ ತೊಡಕಿಲ್ಲ. ಅವನ ತೊಡಕು ಅರ್ಜಿಯ ದಾರಿಯಲ್ಲಿದೆ. ಅರ್ಜಿಯ ಪರಿಶೀಲನೆ ಮೂರು ಹಂತಗಳಲ್ಲಿ ನಡೆಯತಕ್ಕದ್ದು. ಹಳ್ಳಿಗಳಲ್ಲಿ ಮೊದಲ ಹಂತದ ಪರಿಶೀಲನೆಯನ್ನು ಮಾಡತಕ್ಕದ್ದು ಆ ಊರಿನ ಗ್ರಾಮ ಪಂಚಾಯಿತಿ.